ಕಾತ್ರಜ ಘಾಟಿನಾಚೆಯ ಆ ಮಧ್ಯಾಹ್ನ

"ದ್ಯಾ ಇಕಡೆ! ಲವಕರ್!"

ಬೇಗ ಕೊಡಿ ಎಂದು ಮರಾಠಿಯಲ್ಲಿ ಕೂಗಿದವಳೇ, ಎದುರಿಗಿದ್ದವನ ಕೈಯಿಂದ ನೀರಿನ ಬಾಟಲಿ ಕಸಿದುಕೊಂಡು ಓಡಿದಳು ವರದಾ. ಅವನು ಯಾರು, ಏನು... ಮುಖ ಕೂಡ ನೋಡಲಿಲ್ಲ.

"ಅಹೋ! ಅಹೋ ಮ್ಯಾಡಮ್!"

ಅವನು ಬೆನ್ನು ಹತ್ತಿ ಬಂದ. ಅವನ ಹಿಂದೆ ಒಂದು ಪುಟ್ಟ ಹುಡುಗಿ, "ಪಪ್ಪಾ, ನನ್ನ ನೀರು!" ಎಂದು ಅಳುತ್ತಾ ಓಡಿ ಬಂದಳು.

ಸಿಮೆಂಟಿನ ಬೆಂಚಿನ ಮೇಲೆ ವರದಾಳ ಅಜ್ಜಿ ಸಾವಂತ್ರವ್ವ ಒಂದು ಕಡೆ ವಾಲಿ ಬಿದ್ದಿದ್ದಳು. ಮುಖವೆಲ್ಲ ಕೆಂಪು. ಕಣ್ಣು ಮುಚ್ಚಿತ್ತು.

ವರದಾ ಬಾಟಲಿಯ ನೀರನ್ನೆಲ್ಲ ಅಜ್ಜಿಯ ತಲೆಗೆ ಸುರಿದಳು. "ಅಜ್ಜೀ... ಕಣ್ಣು ತಗೀಬೇ! ನನ್ನ ಕೂಡ ಒಂದು ಮಾತಾಡಬೇ!"

ಆ ಮಾತು ಕೇಳಿದ್ದೇ ಅವನು ನಿಂತುಬಿಟ್ಟ. ಸಿಟ್ಟೆಲ್ಲ ಎಲ್ಲಿಗೆ ಹೋಯಿತೋ!

"ನೀವು... ಕನ್ನಡದವ್ರಾ?"

"ಅದನ್ನ ಆಮ್ಯಾಲೆ ಕೇಳ್ರಿ! ಮೊದಲ ಕಾಲು ಹಿಡೀರಿ, ನೆರಳಿಗೆ ಒಯ್ಯೂಣು!"

ಅವನು ಕಾಲು ಹಿಡಿಯಲಿಲ್ಲ. ಬಗ್ಗಿ, ಮಗುವನ್ನು ಎತ್ತಿಕೊಂಡಂತೆ ಅಜ್ಜಿಯನ್ನು ಎತ್ತಿಕೊಂಡು ಬೇವಿನ ಮರದ ಕಡೆಗೆ ನಡೆದ. ಹಿಂದಿಂದ ಓಡುತ್ತಿದ್ದ ವರದಾ ಆಗ ಮೊದಲ ಸಲ ಅವನನ್ನು ನೋಡಿದಳು. ಬೆವರಿನಲ್ಲಿ ತೊಯ್ದ ನೀಲಿ ಅಂಗಿ. ಹಣೆಯ ಮೇಲೆ ಬಿದ್ದ ಕೂದಲು. ನಗುವುದನ್ನು ಮರೆತಂತಿದ್ದ ಕಣ್ಣುಗಳು...

ಅದು ತೊಂಬತ್ತೊಂಬತ್ತರ ಮೇ ತಿಂಗಳು. ಕಾತ್ರಜ ಘಾಟು ದಾಟಿದರೆ ಆಗ ಬರೀ ಬೋಳುಗುಡ್ಡ. ಆ ಗುಡ್ಡಗಳ ನಡುವೆ ಹೊಸದಾಗಿ ಎದ್ದಿದ್ದ ಥೀಮ್ ಪಾರ್ಕಿನ ದೊಡ್ಡ ತಿರುಗುವ ತೊಟ್ಟಿಲು ಹೆದ್ದಾರಿಯಿಂದಲೇ ಕಾಣುತ್ತಿತ್ತು. ಈಗ ಆ ಪಾರ್ಕೂ ಇಲ್ಲ. ಅಲ್ಲಿ ಎತ್ತರದ ಕಟ್ಟಡಗಳು ನಿಂತಿವೆ. ಆದರೆ ಆ ಬೇಸಿಗೆಯಲ್ಲಿ ಪುಣೆಯ ಮಂದಿಗೆಲ್ಲ ಒಂದೇ ಮಾತು, "ಪಾರ್ಕಿಗೆ ಹೋಗಿ ಬಂದ್ರೇನು?"

ವರದಾಳ ತಂದೆ ನಿಜಲಿಂಗಪ್ಪನವರಿಗೆ ಲಕ್ಷ್ಮೀ ರಸ್ತೆಯಲ್ಲಿ ಸೀರೆಯ ಅಂಗಡಿ. ಬೇಸಿಗೆಯ ಸೂಟಿಗೆ ಪ್ರತಿ ವರ್ಷ ಧಾರವಾಡದ ಕಡೆಗೆ ಹೋಗುತ್ತಿದ್ದ ಮನೆಯವರು ಆ ವರ್ಷ ಹೋಗಲಿಲ್ಲ. ಹೋದರೆ ನೆಂಟರೆಲ್ಲ ಕೇಳುತ್ತಿದ್ದರು, "ಮದವಿ ಯಾಕ ಮುರೀತು?"

ಹೌದು... ಚಳಿಗಾಲದಲ್ಲಿ ವರದಾಳ ನಿಶ್ಚಯ ಮುರಿದಿತ್ತು. ಬೆಳಗಾವಿಯ ಹುಡುಗನಿಗೆ ಬೇರೆ ಒಬ್ಬಳು ಇದ್ದಳು. ಅದು ಎಲ್ಲರಿಗೂ ಗೊತ್ತಿತ್ತು, ಇವರಿಗೆ ಮಾತ್ರ ಗೊತ್ತಿರಲಿಲ್ಲ. ಅಂದಿನಿಂದ ವರದಾ ಶಾಲೆಗೆ ಹೋಗಿ ಪಾಠ ಮಾಡುವಳು, ಬಂದು ಉಣ್ಣುವಳು, ಅಷ್ಟೇ. ಅವಳ ನಗು ಕೇಳದೆ ಮನೆಯೇ ಬಿಕೋ ಎನ್ನುತ್ತಿತ್ತು.

ಕೊನೆಗೊಂದು ದಿನ ನಿಜಲಿಂಗಪ್ಪನವರು ಅಂಗಡಿಗೆ ಬೀಗ ಹಾಕಿ, ಬಾಡಿಗೆ ವ್ಯಾನು ತಂದು ನಿಲ್ಲಿಸಿದ್ದರು. "ಎಲ್ಲಾರೂ ಹತ್ರಿ. ಇವತ್ತ ಮಜಾ ಮಾಡೂಣು!"

ಮಜಾ! ಉಕ್ಕಿನ ಕುರ್ಚಿಗಳು ಕಾದ ಹಂಚಿನಂತಿದ್ದವು. ಚಪ್ಪಲಿ ಬಿಟ್ಟವರು ನೀರಿನ ಕೊಳದವರೆಗೆ ಕುಣಿಯುತ್ತಾ ಓಡುತ್ತಿದ್ದರು. ಕೋಕಂ ಶರಬತ್ತಿನ ಗಾಡಿಗೆ ಮಂದಿ ಮುಕುರಿದ್ದರು. ಅಪ್ಪ, ಅವ್ವ ಇಬ್ಬರೂ ದೋಣಿಯ ಸಾಲಿನಲ್ಲಿ ನಿಂತಿದ್ದಾಗಲೇ ಅಜ್ಜಿಗೆ ಕಣ್ಣು ಕತ್ತಲೆ ಬಂದದ್ದು.

ಬೇವಿನ ನೆರಳಲ್ಲಿ ಅಜ್ಜಿ ಕಣ್ಣು ಬಿಟ್ಟಳು. ಮೊದಲು ಕಂಡದ್ದು ಅವನ ಮುಖ.

"ಯಾವೂರಪ್ಪ ನೀ?"

ವರದಾಳಿಗೆ ಅಳುವಿನ ನಡುವೆಯೇ ನಗು ಬಂತು. ಜೀವ ಹೋಗಿ ಬಂದರೂ ಅಜ್ಜಿಯ ಮೊದಲ ಪ್ರಶ್ನೆ ಅದೇ!

"ಗೋಕಾಕ್ರಿ. ಮಧುಕರ ಅಂತ. ಇಲ್ಲೇ ಚಿಂಚವಡದಾಗ ಕಾರ್ಖಾನ್ಯಾಗ ಎಂಜಿನಿಯರ್. ಈಕಿ ನನ್ನ ಮಗಳು, ನೀತಾ."

"ಗೋಕಾಕದಾಂವ ಅಂದ್ರ ನಮ್ಮಾಂವನ ಆದಿ! ಕೂಡು. ಬುತ್ತಿ ಬಿಚ್ಚೂಣು."

"ಅಯ್ಯೋ, ಬ್ಯಾಡ್ರಿ ಅಜ್ಜಿ..."

"ಬ್ಯಾಡ ಅಂದ್ರ ಇನ್ನೊಮ್ಮೆ ಚಕ್ಕರ ಬಂದು ಬೀಳ್ತೀನಿ ನೋಡು!"

ಅವನು ನಕ್ಕ. ಆ ನಗು ಅವನಿಗೇ ಹೊಸದೆನಿಸಿದಂತೆ ತಟ್ಟನೆ ನಿಲ್ಲಿಸಿದ. ವರದಾ ಅದನ್ನು ನೋಡಿದಳು. ಎದೆಯೊಳಗೆ ಏನೋ ಸಣ್ಣಗೆ ಮಿಸುಕಿತು.

ಅಪ್ಪ, ಅವ್ವ ಗಾಬರಿಯಾಗಿ ಓಡಿ ಬಂದರು. ದಪಾಟಿ, ಮೊಸರು, ಶೇಂಗಾ ಹಿಂಡಿ ಹಂಚಿಕೊಂಡು ಎಲ್ಲರೂ ಉಂಡರು. ನೀತಾ ಆಗಲೇ ವರದಾಳ ತೊಡೆ ಏರಿ, ಚಿಕ್ಕಮ್ಮ ಎನ್ನುವ ಮರಾಠಿ ಮಾತಿನಲ್ಲಿ ಅವಳನ್ನು ಕರೆಯತೊಡಗಿದ್ದಳು.

"ಮಾವಶಿ, ನೀರಾಗ ಆಡೂಣು ಬಾ. ಹೆಣ್ಣುಮಕ್ಕಳ ಕೊಳಕ್ಕ ಪಪ್ಪಾನ್ನ ಬಿಡೂದಿಲ್ಲ."

ಮಧುಕರ ಮುಜುಗರಪಟ್ಟ. "ನೀತಾ, ಹಂಗ ತ್ರಾಸ ಕೊಡಬಾರ್ದು."

"ತ್ರಾಸೇನಿಲ್ಲ ಬಿಡ್ರಿ," ಎಂದಳು ವರದಾ. "ಈಕಿ ನೀರು ಕಸ್ಕೊಂಡೀನಿ. ಈಗ ತೀರಸ್ತೀನಿ."

ಆ ಮಧ್ಯಾಹ್ನ ವರದಾ ಎಷ್ಟೋ ತಿಂಗಳ ಮೇಲೆ ಬಾಯ್ತುಂಬ ನಕ್ಕಳು! ಚೂಡಿದಾರದ ಮೇಲೇ ನೀರಿಗಿಳಿದು, ನೀತಾಳನ್ನು ಅಪ್ಪಿಕೊಂಡು ಜಾರುಬಂಡೆಯಿಂದ ಧುಮುಕಿದಳು. ತಂತಿ ಬೇಲಿಯ ಆಚೆ, ಅಜ್ಜಿಯ ಹತ್ತಿರ, ಮಧುಕರ ನಿಂತು ನೋಡುತ್ತಿದ್ದ. ಕಣ್ಣಿಗೆ ಕಣ್ಣು ಕೂಡಿದಾಗೆಲ್ಲ ಇಬ್ಬರೂ ಬೇರೆ ಕಡೆ ತಿರುಗುತ್ತಿದ್ದರು.

'ಏನಾಗ್ಲಿಕತ್ತದ ನಂಗ? ಮಗಳು ಇದ್ದಾಳ ಅಂದಮ್ಯಾಲೆ...'

ನೀತಾಳ ಒದ್ದೆ ಕೂದಲು ಒರೆಸುತ್ತಾ ಅವಳು ಕೇಳಿಯೇಬಿಟ್ಟಳು. "ಮಮ್ಮಿ ಯಾಕ ಬಂದಿಲ್ಲ?"

"ಮಮ್ಮಿ ಮನ್ಯಾಗ ಇದ್ದಾಳ. ಪಪ್ಪಾ ದಿನಾ ಮುಂಜಾನೆ ಆಕಿ ಕೂಡ ಮಾತಾಡ್ತಾನ."

ವರದಾಳ ಕೈ ನಿಂತಿತು. ಸರಿ... ಅಲ್ಲಿಗೆ ಮುಗಿಯಿತು. ಇನ್ನು ಅವನತ್ತ ನೋಡಬಾರದು.

ಆದರೆ ಆಕಾಶಕ್ಕೆ ಬೇರೆ ಯೋಚನೆ ಇತ್ತು. ಘಾಟಿನ ಕಡೆಯಿಂದ ಮೋಡ ಕವಿದು ಬಂತು. ಕೆಂಪು ಧೂಳಿನ ಗಾಳಿ. ಹಿಂದೆಯೇ ದಪ್ಪ ಹನಿ, ಆಲಿಕಲ್ಲು! ತೊಟ್ಟಿಲು ನಿಂತಿತು. ಚೀರಾಟ, ಓಟ! ಅಪ್ಪ ಅಜ್ಜಿಯನ್ನು ಕರೆದುಕೊಂಡು ವ್ಯಾನಿನತ್ತ ಓಡಿದರು. ನೀತಾಳ ಕೈ ಹಿಡಿದಿದ್ದ ವರದಾ ಆಟದ ರೈಲಿನ ತಗಡಿನ ಚಾವಣಿಯ ಕೆಳಗೆ ಹೊಕ್ಕಳು. ಅವರನ್ನು ಹುಡುಕುತ್ತಾ ಮಧುಕರನೂ ಅಲ್ಲಿಗೇ ಬಂದ.

ತಗಡಿನ ಮೇಲೆ ಮಳೆಯ ಸದ್ದು. ಒಣಮಣ್ಣಿನ ವಾಸನೆ. ಅವನು ಮಗಳನ್ನು ಹೆಗಲಿಗೆ ಹಾಕಿಕೊಂಡು ಬೆನ್ನು ತಟ್ಟಿದ. ನೀತಾ ತೂಕಡಿಸತೊಡಗಿದಳು.

"ವರದಾ ಅವ್ರ..."

"ಹೇಳ್ರಿ."

"ನಾ ಇವತ್ತ ಭಾಳ ದಿನದ ಮ್ಯಾಲೆ ನಕ್ಕೆ. ಈಕಿನೂ. ತಪ್ಪು ತಿಳ್ಕೋಬ್ಯಾಡ್ರಿ... ನಿಮ್ಮನ್ನ ಮತ್ತ ಭೇಟಿ ಆಗಬಹುದಾ?"

ಅವಳೊಳಗೆ ಚಳಿಗಾಲದ ಆ ಗಾಯ ಬಿರಿಯಿತು. ಇವನೂ ಅಂಥವನೇ! ಎಲ್ಲರೂ ಅಂಥವರೇ!

"ಮನ್ಯಾಗ ಹೆಂಡ್ತೀನ್ನ ಕೂಡ್ಸಿ ಬಂದು, ಇಲ್ಲಿ ನನ್ನ ಭೇಟಿ ಕೇಳ್ತೀರಿ? ಅದೂ ಮಗಳನ್ನ ಹೆಗಲ ಮ್ಯಾಲೆ ಹಾಕ್ಕೊಂಡು! ನಾಚಿಕಿ ಬರೂದಿಲ್ಲೇನ್ರಿ ನಿಮಗ?"

ಅವನ ಮುಖ ಬಿಳುಚಿತು. ತುಟಿ ಅಲುಗಿತು. ಅಷ್ಟರಲ್ಲಿ ನೀತಾ ಕಣ್ಣು ಬಿಟ್ಟು ಅಪ್ಪನ ಮುಖ ನೋಡಿದಳು.

ಬಾಯಿಗೆ ಬಂದದ್ದನ್ನು ಅವನು ನುಂಗಿಕೊಂಡ.

"ತಪ್ಪಾತ್ರಿ," ಎಂದ. ಅಷ್ಟೇ. ಮಗಳ ತಲೆಯ ಮೇಲೆ ಟವೆಲು ಹೊದಿಸಿ, ಸುರಿಯುವ ಮಳೆಯಲ್ಲಿ ನಡೆದುಬಿಟ್ಟ.

"ಮಾವಶೀ! ಟಾಟಾ!" ನೀತಾಳ ಸಣ್ಣ ಕೈ ಮಳೆಯಲ್ಲಿ ಬೀಸುತ್ತಲೇ ಇತ್ತು.

ವ್ಯಾನು ಘಾಟು ಏರುತ್ತಿದ್ದಾಗ ಅಜ್ಜಿ ನಿಟ್ಟುಸಿರುಬಿಟ್ಟಳು. "ಪಾಪ, ಆ ಹುಡುಗ ಒಬ್ಬನ ಮಗಳನ್ನ ಜೋಪಾನ ಮಾಡ್ತಾನ."

"ಒಬ್ಬನ?" ವರದಾ ತಿರುಗಿದಳು.

"ಹೆಂಡ್ತಿ ಜಡ್ಡಾಗಿ ತೀರಿ ಹೋಗ್ಯಾಳಂತ. ನೀವಿಬ್ರೂ ನೀರಾಗಿದ್ದಾಗ ಹೇಳಿದ. ಕೂಸಿಗಿ ಇನ್ನೂ ಗೊತ್ತಿಲ್ಲಂತ. ಗ್ವಾಡಿಗಿ ಹಾಕಿದ ಫೋಟೋ ತೋರ್ಸಿ, ಮಮ್ಮಿ ಮನ್ಯಾಗ ಇದ್ದಾಳ ಅಂತ ಹೇಳ್ತಾನಂತ."

ಹೊರಗೆ ಮಳೆ ನಿಂತಿತ್ತು. ವರದಾ ಕಿಟಕಿಗೆ ಮುಖ ಒತ್ತಿ ಹಿಡಿದಳು. ಆ ಮುಖ ಯಾರೂ ನೋಡಬಾರದಿತ್ತು.

'ಮಗಳು ಎಚ್ಚರಿದ್ಲು... ಅದಕ್ಕ ಹೇಳ್ಲಿಲ್ಲ. ಅಯ್ಯೋ, ನಾ ಎಂಥಾ ಮಾತಂದೆ!'

"ಹುಡುಗ ಛಲೋ ಇದ್ದಾನ. ನಮ್ಮ ವರದಾಗ..." ಅಜ್ಜಿ ಶುರು ಮಾಡಿದಳು.

"ಅವ್ವಾ!" ನಿಜಲಿಂಗಪ್ಪನವರ ದನಿ ಗಡುಸಾಯಿತು. "ಎರಡನೇ ಸಂಬಂಧಾನ? ನನ್ನ ಮಗಳಿಗೇನು ಕಮ್ಮಿ ಆಗ್ಯದ?"

ಜೂನ್ ಬಂತು. ಶಾಲೆ ತೆರೆಯಿತು. ಪುಣೆಯ ರಸ್ತೆಗಳು ಒದ್ದೆಯಾದವು, ಗುಡ್ಡಗಳು ಹಸಿರಾದವು. ಹೊಸ ಸಂಬಂಧದ ಮಾತು ಬಂದಾಗಲೆಲ್ಲ ವರದಾ "ಈಗ ಬ್ಯಾಡ" ಎಂದಳು. ತಗಡಿನ ಕೆಳಗಿನ ಆ ಬಿಳುಚಿದ ಮುಖ ಕಣ್ಣು ಮುಚ್ಚಿದರೂ ಕಾಣುತ್ತಿತ್ತು.

ಆಗ ಮೊಬೈಲ್ ಎಲ್ಲಿತ್ತು? ಅವಳಿಗೆ ಗೊತ್ತಿದ್ದದ್ದು ಒಂದು ಹೆಸರು, ಮತ್ತೆ ಚಿಂಚವಡದ ಯಾವುದೋ ಕಾರ್ಖಾನೆ. ಅಲ್ಲಿ ಕಾರ್ಖಾನೆಗಳಿಗೇನು ಕಡಿಮೆ!

ಒಂದು ಶನಿವಾರ ಅರ್ಧ ದಿನದ ಶಾಲೆ ಮುಗಿಸಿ ಅವಳು ಮನೆಗೆ ಹೋಗಲಿಲ್ಲ. ಶಿವಾಜಿನಗರದಲ್ಲಿ ಲೋಕಲ್ ರೈಲು ಹತ್ತಿ ಚಿಂಚವಡದಲ್ಲಿ ಇಳಿದಳು. ಒಂದು ಗೇಟಿನಲ್ಲಿ ಕೇಳಿದಳು, ಇನ್ನೊಂದರಲ್ಲಿ ಕೇಳಿದಳು. ಕಾವಲುಗಾರರು ಅವಳನ್ನು ಮೇಲಿನಿಂದ ಕೆಳಗೆ ನೋಡಿ ತಲೆಯಾಡಿಸಿದರು. ನಾಚಿಕೆಯಿಂದ ಕಿವಿ ಬಿಸಿಯಾಯಿತು. ಆದರೂ ಮುಂದಿನ ಶನಿವಾರ ಮತ್ತೆ ಹೋದಳು. ಅದರ ಮುಂದಿನ ಶನಿವಾರವೂ...

ತಡವಾಗಿ ಬಂದಾಗ ಅಪ್ಪನ ಮುಂದೆ ಅಜ್ಜಿಯೇ ಏನಾದರೊಂದು ನೆಪ ಹೇಳುವಳು. ಅಜ್ಜಿಗೆ ಯಾರೂ ಏನೂ ಹೇಳಿರಲಿಲ್ಲ. ಆದರೆ ಅವಳಿಗೆ ಗೊತ್ತಿತ್ತು.

ಆಷಾಢದ ಒಂದು ಸಂಜೆ. ಜೋರು ಮಳೆ. ಪಾಳಿ ಬಿಟ್ಟ ಸೈರನ್ ಕೂಗಿತು. ಗೇಟಿನಿಂದ ಸೈಕಲ್ಲು, ಸ್ಕೂಟರುಗಳ ಹೊಳೆಯೇ ಹರಿದು ಬಂತು. ಎಲ್ಲರೂ ರೇನ್‌ಕೋಟಿನೊಳಗೆ, ಎಲ್ಲ ಮುಖವೂ ಒಂದೇ! ಗಾಳಿಗೆ ಕೊಡೆ ತಿರುವಿಹೋಯಿತು. ವರದಾ ತೊಯ್ದು ತಪ್ಪಡಿಯಾಗಿ, ಇನ್ನು ಹೊರಡಬೇಕು ಎಂದುಕೊಳ್ಳುವಷ್ಟರಲ್ಲಿ...

ಚಹಾದಂಗಡಿಯ ಚಾವಣಿಯ ಕೆಳಗೆ ಒಬ್ಬ ರೇನ್‌ಕೋಟು ಕೊಡವುತ್ತಾ ನಿಂತಿದ್ದ. ಹಣೆಯ ಮೇಲೆ ಬಿದ್ದ ಕೂದಲು...

"ಮಧುಕರ್!"

ಅವನು ತಿರುಗಿದ. ನಂಬಲಾರದೆ ನೋಡಿದ. ಓಡಿ ಬಂದು ರೇನ್‌ಕೋಟನ್ನು ಅವಳ ತಲೆಯ ಮೇಲೆ ಹಿಡಿದು ಅಂಗಡಿಯ ಬೆಂಚಿಗೆ ಕರೆತಂದ. "ನೀವು? ಇಲ್ಲಿ? ಅಜ್ಜಿ ಆರಾಮ ಇದ್ದಾರಿಲ್ಲೋ?"

ಅವಳು ವಾರಗಟ್ಟಲೆ ಜೋಡಿಸಿಟ್ಟಿದ್ದ ಮಾತೆಲ್ಲ ಮರೆತುಹೋಯಿತು. ಬರೀ ಅಳು ಬಂತು.

"ನಂಗ ಗೊತ್ತಿರಲಿಲ್ರಿ... ಆಮ್ಯಾಲೆ ಅಜ್ಜಿ ಹೇಳಿದ್ರು. ಎಂಥಾ ಮಾತಂದೆ ನಾ ನಿಮಗ! ನೀವು ಒಂದು ಮಾತು ತಿರುಗಿ ಅನ್ಲಿಲ್ಲ..."

"ಹ್ಯಾಂಗ ಅನ್ಲಿ? ನೀತಾ ಎಚ್ಚರಾಗಿದ್ಲು." ಅವನ ದನಿ ಮೆತ್ತಗಿತ್ತು. "ಅಳಬ್ಯಾಡ್ರಿ. ನೀವು ಅಂದದ್ದು ಒಂದು ರೀತಿ ಛಲೋನ ಆತು. ಮಮ್ಮಿ ಮನ್ಯಾಗ ಇದ್ದಾಳ ಅಂತ ನೀತಾ ಊರ ತುಂಬ ಹೇಳ್ಕೋತ ತಿರಗತಾಳ ಅಂತ ಅವತ್ತ ತಿಳೀತು. ಮರುದಿನ ಆಕೀನ್ನ ತೊಡಿ ಮ್ಯಾಲೆ ಕೂಡ್ಸ್ಕೊಂಡು ಖರೇ ಹೇಳಿದೆ."

"ಅತ್ಲೇನ್ರಿ?"

"ಭಾಳ ಅತ್ಲು. ನಾನೂ ಅತ್ತೆ. ಹೆಂಡ್ತಿ ಹೋದಾಗ ಅತ್ತಿದ್ದಿಲ್ಲ ನಾ... ಅವತ್ತ ಅತ್ತೆ."

ಚಹಾದವನು ಕೇಳದೆಯೇ ಎರಡು ಗಾಜಿನ ಲೋಟ ತಂದಿಟ್ಟು ಹೋದ.

"ಲಕ್ಷ್ಮೀ ರಸ್ತೆದಾಗ ನಿಮ್ಮ ಅಪ್ಪಾರ ಅಂಗಡಿ ಹುಡುಕಿದೆ," ಎಂದ ಮಧುಕರ, ನೆಲ ನೋಡುತ್ತಾ. "ಮುಂದಿಂದ ಎಷ್ಟೋ ಸರ್ತಿ ಹಾದು ಹೋದೆ. ಒಳಗ ಬರೂ ಧೈರ್ಯ ಆಗ್ಲಿಲ್ಲ. ನನ್ನಂಥಾಂವ ಏನಂತ ಕೇಳ್ಲಿ?"

ವರದಾ ಕಣ್ಣೊರೆಸಿಕೊಂಡಳು. "ಬರೂ ರವಿವಾರ ಮನೀಗೆ ಬರ್ರಿ. ಏನಂತ ಕೇಳಬೇಕೋ ಅದನ್ನ ಕೇಳ್ರಿ."

"ಅಪ್ಪಾರು?"

"ಒಪ್ಪೂದಿಲ್ಲ. ಸಿಟ್ಟ ಮಾಡ್ತಾರ. ಆದ್ರ ನಾ ಹೂಂ ಅಂದೀನಿ ಅಂತ ನಾನ ಹೇಳ್ತೀನಿ. ಒಪ್ಪೂ ತನಕ ಹೇಳ್ತೀನಿ."

ಒಪ್ಪಲು ಆ ಮಳೆಗಾಲವಿಡೀ ಬೇಕಾಯಿತು. ನಿಜಲಿಂಗಪ್ಪನವರು ಆ ರವಿವಾರ ಎದ್ದು ಒಳಗೆ ಹೋಗಿಬಿಟ್ಟಿದ್ದರು. ಮಧುಕರ ಮುಂದಿನ ರವಿವಾರ ಮತ್ತೆ ಬಂದ, ಅದರ ಮುಂದೆಯೂ ಬಂದ. ವರದಾಳ ನಗು ಮನೆಗೆ ಮರಳಿದ್ದನ್ನು ಅಪ್ಪ ಗೋಡೆಯ ಆಚೆಯಿಂದ ಕೇಳಿದರು. ದಸರೆಯ ಹೊತ್ತಿಗೆ ಅವರೇ ಹೊರಗೆ ಬಂದು, "ಕೂಡ್ರಿ, ಊಟ ಮಾಡ್ಕೊಂಡ ಹೋಗ್ರಿ" ಎಂದರು. ದೀಪಾವಳಿ ಆದಮೇಲೆ ಮದುವೆಯಾಯಿತು.

ಆದರೆ ಅದೆಲ್ಲ ಆಮೇಲಿನ ಮಾತು. ಇಂದಿಗೂ ಆಷಾಢದ ಮಳೆ ಹಿಡಿದರೆ ವರದಾಳಿಗೆ ಮೊದಲು ನೆನಪಾಗುವುದು ಮದುವೆಯ ಮಂಟಪವಲ್ಲ, ಆ ಚಹಾದಂಗಡಿ.

ಅಂದು ಅಲ್ಲಿ ಮಳೆ ಕಡಿಮೆಯಾಗಿತ್ತು. ಚಹಾ ಆರಿ ತಣ್ಣಗಾಗಿತ್ತು. ಇಬ್ಬರೂ ಕುಡಿದಿರಲಿಲ್ಲ.

"ಒಂದು ಕೇಳ್ಲಾ?" ಮಧುಕರ ತಡೆತಡೆದು ಅಂದ. "ನೀತಾ... ನಿಮಗ ಏನಂತ ಕರೀಬೇಕು?"

ವರದಾ ಆರಿದ ಲೋಟವನ್ನು ಕೈಗೆತ್ತಿಕೊಂಡಳು.

"ಮಮ್ಮಿ ಅನ್ನೂ ಹೆಸರು ಅವ್ರದು. ಅದು ಅವ್ರಿಗೇ ಇರ್ಲಿ. ನಂಗ ಮಾವಶಿ ಅಂತಾನೇ ಅನ್ಲಿ."

"ಮತ್ತ... ಯಾವಾಗರ ಒಂದು ದಿನ ಮರೆತು ಮಮ್ಮಿ ಅಂದ್ರ?"

ಅವಳ ಕಣ್ಣು ಮತ್ತೆ ತುಂಬಿ ಬಂತು. ಈ ಸಲ ಒರೆಸಿಕೊಳ್ಳಲಿಲ್ಲ.

"ಓ ಅಂತೀನ್ರಿ."