ತಣ್ಣಗಿದ್ದ ಕರಿಕಲ್ಲು

ಕಲ್ಲಿನ ಕಾರ್ಖಾನೆಯ ಪಾಲಿಶ್ ಅಕ್ಕ ಕಣ್ಣೊರೆಸಿಕೊಳ್ಳುತ್ತ ಇಸ್ತ್ರಿ ಅಂಗಡಿಗೆ ಬಂದಾಗ ಹೊತ್ತು ಮುಳುಗಿ ಅರ್ಧ ಗಂಟೆಯಾಗಿರಬಹುದು.

"ಅಮ್ಮಾ, ಇಪ್ಪತ್ತು ವರ್ಷದ ಕೆಲಸ ಹೋಯ್ತು. ನಾಳೆಯಿಂದ ಬರಬೇಡ ಅಂತ ಸಾಹುಕಾರರು ಎಲ್ಲರೆದುರೇ ಅಂದ್ಬಿಟ್ರು. ಆ ಕಲ್ಲು ಒಡೆದಿದ್ದು ನಾನಲ್ಲ!"

ಸೊಸೆಯ ಜೊತೆ ಆ ಅಂಗಡಿ ನಡೆಸುತ್ತಿದ್ದ ಅತ್ತೆ ಇಸ್ತ್ರಿಪೆಟ್ಟಿಗೆ ಪಕ್ಕಕ್ಕಿಟ್ಟು ಎದ್ದರು. ಬೀದಿಯಲ್ಲಿ ಯಾರೇನು ಮುಚ್ಚಿಟ್ಟರೂ ಅವರ ಕಣ್ಣಿಗೆ ಬೀಳದೆ ಇರುತ್ತಿರಲಿಲ್ಲ. ಸೊಸೆಗಂತೂ ಅತ್ತೆಯೆಂದರೆ ಎಲ್ಲಿಲ್ಲದ ಹೆಮ್ಮೆ. ಅವಳೂ ಹಿಂದೆಯೇ ಹೊರಟಳು.

ಹೊಸ ಗ್ರಂಥಾಲಯಕ್ಕೆಂದು ಎರಡು ತಿಂಗಳು ಕೆತ್ತಿದ್ದ ಕರಿಕಲ್ಲಿನ ಫಲಕ ಕಾರ್ಖಾನೆಯ ಶೆಡ್ಡಿನಲ್ಲಿ ಎರಡು ತುಂಡಾಗಿ ಬಿದ್ದಿತ್ತು. ಮೇಣ ಹಚ್ಚುವ ಮೊದಲು ಫಲಕವನ್ನು ಇಡೀ ದಿನ ಬಿಸಿಲಿಗಿಡುವುದು ಅಲ್ಲಿನ ಕ್ರಮ. ಅಕ್ಷರದ ಸಂದಿಯ ತೇವ ಆರಬೇಕು. ಬೆಳಗ್ಗೆ ಮೇಸ್ತ್ರಿ ಹೊರಗಿಟ್ಟರೆ ಸಂಜೆ ಪಾಲಿಶ್ ಅಕ್ಕ ಕೈಗಾಡಿಯಲ್ಲಿ ಒಳಗೆ ತರುತ್ತಿದ್ದಳು.

"ಬೆಳಗ್ಗೆ ನಾನೇ ಅಂಗಳದಲ್ಲಿ ನಿಲ್ಲಿಸಿದೆ. ಹೊತ್ತು ಮುಳುಗೋವರೆಗೂ ಅಲ್ಲೇ ಇತ್ತು," ಎಂದ ಮೇಸ್ತ್ರಿ. "ಅರ್ಧ ಗಂಟೆ ಹಿಂದೆ ಒಳಗೆ ತರುವಾಗ ಇವಳು ಬೀಳಿಸಿದ್ಲು."

"ಅಂಗಳದಲ್ಲಿ ಕಲ್ಲೇ ಇರಲಿಲ್ಲಮ್ಮ. ಹುಡುಕ್ತಾ ಬಂದ್ರೆ ಟಾರ್ಪಾಲಿನ ಕೆಳಗೆ ಹೀಗೆ ಬಿದ್ದಿತ್ತು."

ಹಗಲೆಲ್ಲ ಊರಲ್ಲಿರದ ಸಾಹುಕಾರರು ಮೇಸ್ತ್ರಿಯ ಮಾತನ್ನೇ ನಂಬಿದ್ದರು.

ಅತ್ತೆ ಅಂಗಳಕ್ಕೆ ಹೋಗಿ ತಗಡು, ಮರದ ಹಲಗೆ, ಗೋಡೆಗೆ ಒರಗಿದ್ದ ಅಷ್ಟೇ ದಪ್ಪದ ಇನ್ನೊಂದು ಕರಿಕಲ್ಲು, ಎಲ್ಲದರ ಮೇಲೂ ಅಂಗೈಯಿಟ್ಟರು. ಸೊಸೆಯೂ ಮುಟ್ಟಿ ನೋಡಿದಳು. ತಗಡು ತಣ್ಣಗಿತ್ತು, ಹಲಗೆಯೂ ಅಷ್ಟೇ. ಕರಿಕಲ್ಲು ಮಾತ್ರ ಆಗತಾನೇ ಇಸ್ತ್ರಿ ಮಾಡಿಟ್ಟ ಅಂಗಿಯಂತೆ ಬೆಚ್ಚಗಿತ್ತು.

ಒಳಗೆ ಬಂದ ಅತ್ತೆ ಒಡೆದ ಫಲಕದ ಬಿರುಕಿನ ಮೈ ಸವರಿ, "ಸಾಹುಕಾರ್ರೇ, ನೀವೂ ಇಲ್ಲಿ ಕೈಯಿಡಿ," ಎಂದರು.

"ತಣ್ಣಗಿದೆ."

"ಬಯಲ ಗಾಳಿಗೆ ನಿಂತ ಕಲ್ಲು ಇನ್ನೂ ಬಿಸಿ. ಅದರ ಪಕ್ಕದಲ್ಲೇ ದಿನವಿಡೀ ಇತ್ತು ಅನ್ನೋ ಕಲ್ಲು ಅರ್ಧ ಗಂಟೇಲಿ ಒಳಗಿನವರೆಗೂ ಆರಿಬಿಡ್ತಾ?"

ಮೇಸ್ತ್ರಿ ದನಿಯೇರಿಸಿದ. "ಆ ತಗಡೂ ದಿನವಿಡೀ ಬಿಸಿಲಲ್ಲೇ ಇತ್ತಲ್ಲ, ಅದೂ ತಣ್ಣಗಿದೆ!"

"ತಗಡು ತೆಳು ಕಣಪ್ಪ. ಬೇಗ ಕಾಯುತ್ತೆ, ಬೇಗ ಆರುತ್ತೆ. ಮರದ ಒಳಗಡೆ ಕಾವು ಅಷ್ಟಾಗಿ ಇಳಿಯೋದೇ ಇಲ್ಲ. ದಪ್ಪ ಕಲ್ಲು ಹಾಗಲ್ಲ. ಅದರಲ್ಲೂ ಕರಿ ಬಣ್ಣ, ಬಿಸಿಲನ್ನೆಲ್ಲ ಹೀರಿಕೊಳ್ಳುತ್ತೆ. ಒಳಗಿನ ಕಾವು ಕೊನೆಗೆ ಹೋಗೋದು, ಅದಕ್ಕೇ ಬಿರುಕಿನ ಮೈ ಮುಟ್ಟಿದ್ದು. ನಲವತ್ತು ವರ್ಷ ಇಸ್ತ್ರಿಪೆಟ್ಟಿಗೆ ಹಿಡಿದ ಕೈ ಇದು. ಈ ಕಲ್ಲು ಇವತ್ತು ಬಿಸಿಲನ್ನೇ ಕಂಡಿಲ್ಲ. ಬೆಳಗ್ಗೆ ಇದನ್ನ ಎತ್ತಿದ್ದು ನಾನೇ ಅಂತ ನೀನೇ ಅಂದೆಯಲ್ಲ."

ಮೇಸ್ತ್ರಿ ತುಂಡುಗಳ ಪಕ್ಕ ಕುಕ್ಕರಗಾಲಲ್ಲಿ ಕೂತ. "ಇಬ್ಬರು ಹಿಡಿಯೋ ಕಲ್ಲನ್ನ ಕೈಗಾಡಿ ಇಲ್ಲದೆ ಒಬ್ಬನೇ ಎತ್ತಿದೆ. ಬಾಗಿಲು ದಾಟೋ ಮೊದಲೇ ಜಾರ್ತು. ಹೆದರಿ ಮುಚ್ಚಿಟ್ಟೆ," ಎಂದ.

ಸೊಸೆಗೆ ಅತ್ತೆಯನ್ನು ಅಲ್ಲೇ ತಬ್ಬಿಕೊಳ್ಳಬೇಕೆನಿಸಿತು.

ಸಾಹುಕಾರರು ತಲೆತಗ್ಗಿಸಿ, "ತಪ್ಪಾಯ್ತಮ್ಮ. ನಾಳೆ ಕೆಲಸಕ್ಕೆ ಬಾ," ಎಂದರು.

ಪಾಲಿಶ್ ಅಕ್ಕ ಕದಲಲಿಲ್ಲ. "ಬರಬೇಡ ಅಂತ ಎಲ್ಲರೆದುರು ಅಂದ್ರಿ. ಬಾ ಅಂತ ಮಾತ್ರ ಇಲ್ಲಿ ಮೆಲ್ಲಗೆ ಅಂತೀರಾ?"

ಬೀದಿ ತಿರುವಿನಲ್ಲಿ ಕೆಲಸಗಾರರೆಲ್ಲ ಇನ್ನೂ ಬಸ್ಸಿಗೆ ಕಾಯುತ್ತಿದ್ದರು. ಸಾಹುಕಾರರು ಚಪ್ಪಲಿಯನ್ನೂ ಮೆಟ್ಟದೆ ಅತ್ತ ನಡೆದರು.