ಆಕೆಯ ಜಳಕ

ನಾನು ಕೈಸರ್, ಸಿರುಗುಪ್ಪದಲ್ಲಿ ಗೀಸರ್ ರಿಪೇರಿ ಮಾಡುತ್ತೇನೆ. ಹೋದ ಚಳಿಗಾಲದ ಒಂದು ಬೆಳಿಗ್ಗೆ ಗವಿಸಿದ್ದೇಶ್ ಎಂಬುವರು ನನ್ನನ್ನು ಕೆಂಚನಗುಡ್ಡದ ಹೊಳೆದಂಡೆಗೆ ಕರೆಸಿದ್ದರು. ಮನೆಯಂತೆ ಮಾಡಿಸಿಕೊಂಡ ವ್ಯಾನಿನಲ್ಲಿ ಹೆಂಡತಿಯೊಂದಿಗೆ ಊರೂರು ಸುತ್ತಿದವರು ಅವರು. ಆಕೆ ತೀರಿಕೊಂಡು ವರ್ಷವಾಗಿತ್ತು.

ದಂಡೆಯಲ್ಲಿ ನಿಂತಿದ್ದ ಆ ವ್ಯಾನಿನೊಳಗೆ ಹೋಗಿ, ಕೆಟ್ಟ ಗೀಸರಿನ ವೈರು ಬಿಚ್ಚಿ, ಅದರ ನೀರೆಲ್ಲ ಹೊರಗೆ ಚೆಲ್ಲಿ, ಸುಟ್ಟ ಕಾಯಿಲ್ ತೆಗೆದೆ. ಅಷ್ಟರಲ್ಲಿ ಪರದೆಯ ಹಿಂದಿನ ಬಚ್ಚಲಲ್ಲಿ ಯಾರೋ ತಂಬಿಗೆಯಿಂದ ನೀರು ಹೊಯ್ದುಕೊಳ್ಳುವ ಸದ್ದಾಯಿತು. ಪರದೆಯಡಿಯಿಂದ ಬಿಸಿ ಹಬೆ ಬಂದು ಕಾಲಿಗೆ ತಾಗಿತು.

"ಒಳಗ ಯಾರದಾರ ಅಣ್ಣಾರ?" ಎಂದೆ.

ಅವರು ಮೆಲ್ಲಗೆ ನನ್ನ ಕೈ ಹಿಡಿದರು. "ಆಕಿ ಜಳಕ ಮುಗಿಸ್ಲಿ, ಆಮ್ಯಾಲ ಹೊಸಾದು ಹಾಕ್ರಿ. ಥಂಡಿ ನೀರು ಆಕಿಗೆ ಆಗಂಗಿಲ್ಲ."

ಓಡಿಹೋಗಬೇಕೆನಿಸಿತು. ಅವರ ಮುಖ ನೋಡಿ ಆಗಲಿಲ್ಲ. ಇಬ್ಬರೂ ಹೊರಗೆ ಕಲ್ಲಿನ ಮೇಲೆ ಕೂತು ಕಾದೆವು.

ಸದ್ದು ನಿಂತ ಮೇಲೆ ಒಳಗೆ ಹೋದೆ. ಬಚ್ಚಲ ನೆಲ ಒದ್ದೆಯಾಗಿ ಬೆಚ್ಚಗಿತ್ತು. ಗೀಸರಿನಲ್ಲಿ ಹನಿ ನೀರೂ ಇರಲಿಲ್ಲ.