ಐದನೆಯ ಅಂಗೈ

ಈ ಕಥೆಯನ್ನು ಮೊದಲು ಹೇಳಿದವಳು ಬಾಣಂತಿಯರ ವಾರ್ಡಿನ ಹಿರಿಯ ಆಯಾ. ಆಸ್ಪತ್ರೆಯ ಹಳೆಯ ಕಾರಿಗೆ ವಿಶ್ರಾಂತಿ ಕೊಟ್ಟ ಮಧ್ಯಾಹ್ನ, ಅಂಗಳದ ಬೆಂಚಿನ ಮೇಲೆ ಕುಳಿತು. ಕೇಳಿದ್ದು ಕೇಳಿದ ಹಾಗೆ ಇಲ್ಲಿದೆ.

ಅಪ್ಪ ತೀರಿದ ಮೇಲೆ ಟೈರ್ ಅಂಗಡಿಯನ್ನು ಮಗಳೇ ನಡೆಸುತ್ತಿದ್ದಳು. ಕಟ್ಟಡ ಸೋದರಮಾವನದು. "ಹೆಣ್ಣಿನ ಕೈ ನಟ್ಟು ಬಿಗಿಯೋದು ಎಷ್ಟು ದಿನ? ಒಬ್ಬ ಗಿರಾಕಿ ದೂರು ತಂದರೂ ಬೀಗ ಹಾಕ್ತೀನಿ," ಎಂದು ಆತ ಹೇಳಿಯಾಗಿತ್ತು.

ಅಂಥದ್ದರಲ್ಲಿ ಒಂದು ಬೆಳಿಗ್ಗೆ ಆಸ್ಪತ್ರೆಯ ಚಾಲಕ ಗಾಳಿ ತುಂಬಿಸಲು ಬಂದ. ಹಿಂದಿನ ಸೀಟಿನಲ್ಲಿ ಹಸಿ ಬಾಣಂತಿ, ಮಡಿಲಲ್ಲಿ ಕೂಸು.

ಅಂಗಡಿಯವಳು, ಅಪ್ಪ ಕಲಿಸಿದಂತೆ, ಕಣ್ಣು ಮುಚ್ಚಿ ಟೈರಿನ ಒಳಬದಿ ಸವರಿದಳು. ಅಂಗೈ ಒಂದೆಡೆ ನಿಂತಿತು. ಎದ್ದವಳೇ ಕಾರಿನ ಕೀಲಿ ಕಿತ್ತುಕೊಂಡಳು.

"ಏನ್ರೀ ಇದು? ಟೈರ್ ಹೊಸದರ ಹಾಗಿದೆ."

"ಹೊರಗೆ ಥಳಕು, ಒಳಗೆ ಹುಳುಕು. ಮುಟ್ಟಿ ನೋಡಿ."

ಮುಟ್ಟಿದ. ನಿಂಬೆಹಣ್ಣಿನಷ್ಟು ಊತ!

"ಇಷ್ಟು ದೊಡ್ಡ ಗಾಡಿ ನೆಲ ಮುಟ್ಟೋದು ನಾಲ್ಕೇ ಅಂಗೈ ಅಗಲ. ಅದರಲ್ಲಿ ಒಂದು ಸಿಡಿದರೆ...?"

ಅವನು ಕೂಸನ್ನು ನೋಡಿದ. ಆಮೇಲೆ ಮಸಿ ಹಿಡಿದ ಅವಳ ಕೈಯನ್ನು, ಬೆಟ್ಟ ನೋಡುವವನಂತೆ ನೋಡುತ್ತ ನಿಂತ. ಟೈರ್ ಬದಲಾದ ಮೇಲೆಯೇ ಕೀಲಿ ಮರಳಿತು.

ಅಂದಿನಿಂದ ಪ್ರತಿ ಸೋಮವಾರ, ದಿನದ ಓಟಕ್ಕೆ ಟೈರ್ ಬಿಸಿಯಾಗುವ ಮೊದಲೇ ಅವನು ಹಾಜರ್. ಗಾಳಿ ನೋಡಿಸುವನು, ನಟ್ಟು ಬಿಗಿಸಿಕೊಳ್ಳುವನು. ಅವಳಿಗೋ, ಭಾನುವಾರ ಸಂಜೆಯಿಂದಲೇ ಕಣ್ಣು ಬೀದಿಯ ಮೇಲೆ.

ಒಂದು ಸೋಮವಾರ ಅವಳು ಕಂಡಳು: ತಿರುವಿನಲ್ಲಿ ಕಾರು ನಿಲ್ಲಿಸಿ, ತನ್ನದೇ ಸ್ಪ್ಯಾನರ್ ಹಿಡಿದು, ಅವಳು ಬಿಗಿದ ನಟ್ಟುಗಳನ್ನು ಅವನು ಒಂದೊಂದಾಗಿ ಪರೀಕ್ಷಿಸುತ್ತಿದ್ದ.

'ಹಾಗಾದರೆ ಇವನೂ ಮಾವನ ಪಕ್ಷವೇ...'

ಮುಂದಿನ ವಾರ ಅವನು ಬಂದಾಗ, "ನನ್ನ ಕೈ ಮೇಲೆ ನಂಬಿಕೆ ಇಲ್ಲದವರು ಬೇರೆ ಅಂಗಡಿ ನೋಡ್ಕೊಳ್ಳಿ," ಎಂದು ಗಾಳಿಯ ಕಂಪ್ರೆಸರ್ ಹಾಕಿಬಿಟ್ಟಳು. ಅವನ ತುಟಿ ಆಡಿದ್ದು ಕಂಡಿತು, ಆ ಸದ್ದಿನಲ್ಲಿ ಮಾತು ಕೇಳಲಿಲ್ಲ.

ಮರುವಾರ ಕಾರು ಬರಲಿಲ್ಲ. ಬಾರದಿದ್ದರೆ ಬೇಡ ಎಂದುಕೊಂಡಳು. ಆದರೆ ಗಾಳಿ ನೋಡಿಸದ ಆ ಚಕ್ರಗಳ ಮೇಲೆ ಕೂಸುಗಳು... ಅಂಗಡಿಗೆ ಬೀಗ ಹಾಕಿ ಆಸ್ಪತ್ರೆಗೆ ನಡೆದಳು.

ಹಿತ್ತಲ ಅಂಗಳಕ್ಕೆ ಕಾಲಿಟ್ಟಳು. ಸಾಲಾಗಿ ನಿಂತ ಗಾಡಿಗಳ ಮುಂದೆ ಚಾಲಕರೆಲ್ಲ ಮಂಡಿಯೂರಿ, ಕಣ್ಣು ಮುಚ್ಚಿ, ಟೈರಿನ ಒಳಬದಿ ಸವರುತ್ತಿದ್ದರು. ಅಪ್ಪನ ಕೈ ಅಷ್ಟೂ ಕೈಗಳಲ್ಲಿ ಮರಳಿ ಬಂದಂತಿತ್ತು.

ನಡುವೆ ಅವನ ದನಿ: "ನಟ್ಟು ಇನ್ನೊಂದು ಚೂರು. ಅವರ ಬಿಗಿ ಬರಬೇಕು."

"ಯಾರ ಬಿಗಿ?"

ಅವನು ತಿರುಗಿದ. "ನಿಮ್ಮದು. ಎಲ್ಲ ಗಾಡಿ ನಿಮ್ಮ ಹತ್ರ ತರೋಕಾಗಲ್ಲ. ನಿಮ್ಮ ಕೈ ಎಷ್ಟು ಬಿಗಿಯುತ್ತೆ ಅಂತ ನನ್ನ ಕೈಗೆ ಕಲಿಸ್ತಿದ್ದೆ."

"ಹೇಳಬಾರದಿತ್ತಾ?"

"ಹೇಳಿದೆ. ಕಂಪ್ರೆಸರ್ ಕೇಳಿಸ್ಕೊಳ್ತು."

ನಗುವಿನ ಜೊತೆಗೇ ಅವಳ ಕಣ್ಣು ತುಂಬಿತು. "ಮಾವ ಮಾತ್ರ ಅಂಗಡಿಗೆ ಬೀಗ ಹಾಕೋಕೆ ಗಿರಾಕಿಯ ದೂರಿಗೇ ಕಾಯ್ತಿದ್ದಾರೆ."

"ಕರ್ಕೊಂಡು ಬಾರಮ್ಮ," ಎಂದ ಹಿರಿಯ ಚಾಲಕ, "ಅವರಿಗೂ ಸಡಿಲಾದ ನಟ್ಟು ಬಿಗಿಸಿ ಕಳಿಸ್ತೀವಿ."

ನಗು ತಗ್ಗಿದ ಮೇಲೆ ಅವಳ ಸೋಮವಾರದ ಗಿರಾಕಿ ಮೆಲ್ಲನೆ ಅಂದ: "ಗಾಡಿಗೆ ನಾಲ್ಕು ಅಂಗೈ ಸಾಕು. ನನಗೆ ಐದನೆಯದೊಂದು ಬೇಕಿತ್ತು."

"ಮಸಿ ಆಗಿದೆ."

"ನನ್ನದೂ ಆಗಿದೆ."

ಅವಳು ಕೈ ಚಾಚಿದಳು.

ಇಷ್ಟು ಹೇಳಿ ಆಯಾ ಮಂಡಿ ಹಿಡಿದು ಎದ್ದಳು. ಕೇಳುತ್ತಿದ್ದವರೂ ಎದ್ದು ಮನೆಯ ದಾರಿ ಹಿಡಿದರು. ಗಾಡಿ ಇದ್ದವರು ಮಾತ್ರ ಹತ್ತುವ ಮೊದಲು, ಯಾರೂ ಹೇಳದೆ, ಬಗ್ಗಿ ಚಕ್ರದ ಒಳಬದಿ ಸವರಿದರು.